ನಾಲ್ಕು ಕ್ಲಿಕ್ ಹಿಂದಕ್ಕೆ

ಜ್ಯಾಕಿನ ಮೇಲೆ ಎತ್ತಿ ನಿಲ್ಲಿಸಿದಾಗಲೇ ಗೊತ್ತಾಗುವುದು
ಕಾರಿಗೂ ಕಾಲುಗಳಿವೆ ಎಂದು.
ಕತ್ತು ಹಿಡಿದು ಎತ್ತಿದ ಬೆಕ್ಕಿನ ಹಾಗೆ
ನಾಲ್ಕೂ ಚಕ್ರ ಜೋತುಬಿದ್ದಿವೆ.

ಎಂಬತ್ತಾರರ ಪೋರ್ಷೆ. ಕಾಗದದಲ್ಲಿ ಕೆಂಪು;
ಆಂಗಲ್ಸಿ ದ್ವೀಪದ ಉಪ್ಪುಗಾಳಿ ಅದನ್ನು
ಹಳೆ ಇಟ್ಟಿಗೆಯ ಬಣ್ಣಕ್ಕೆ ತಂದಿದೆ.
ವಾರಕ್ಕೆ ಐದು ದಿನ ನೆರಿಸ್ ಶಾಲೆಯ ಬಸ್ಸು ಓಡಿಸುತ್ತಾಳೆ,
ಮೂವತ್ತೊಂದು ಮಕ್ಕಳು,
ಅದರಲ್ಲೊಬ್ಬನಿಗೆ ಸೇತುವೆಯ ತಿರುವಿನಲ್ಲಿ ತಪ್ಪದೆ ವಾಂತಿ.
ಶನಿವಾರ ಮಾತ್ರ ಈ ಶೆಡ್ಡು, ಈ ಗ್ರೀಸು,
ಒಂದೇ ಕಾಲನ್ನು ಕಾಯಿಸುವ ಹೀಟರು.

ಹಿಂಬದಿಗೆ ಸುರುಳಿ ಸ್ಪ್ರಿಂಗೇ ಇಲ್ಲ ಇದಕ್ಕೆ.
ಅಡ್ಡ ಮಲಗಿದ ಉಕ್ಕಿನ ಸರಳು
ತನ್ನನ್ನೇ ಹಿಂಡಿಕೊಂಡು ಭಾರ ಹೊರುತ್ತದೆ,
ಒಗೆದ ಜಮಖಾನೆಯನ್ನು ಇಬ್ಬರು ತುದಿ ಹಿಡಿದು ತಿರುಚುವಂತೆ.
ಒಳತುದಿಗೆ ನಲವತ್ತು ಹಲ್ಲು, ಹೊರತುದಿಗೆ ನಲವತ್ತನಾಲ್ಕು.
ಒಳಗೊಂದು ಹಲ್ಲು ಮುಂದೆ, ಹೊರಗೊಂದು ಹಲ್ಲು ಹಿಂದೆ,
ಆ ವ್ಯತ್ಯಾಸದಲ್ಲಿ ಎತ್ತರ ಚೂರೇ ಚೂರು ಕದಲುತ್ತದೆ.
ಇದನ್ನು ಯೋಚಿಸಿದವನು ನಿದ್ದೆಯಲ್ಲೂ ಜಿಪುಣನಿದ್ದಿರಬೇಕು
ಎಂದಳು ನೆರಿಸ್, ಆರನೆಯ ಸಲ ಬಿಚ್ಚುತ್ತಾ.

ರಬ್ಬರಿನ ಹಳೆ ಬುಷ್ಷುಗಳು
ಒಣಗಿ ಸೀಳಿದ ಅಂಜೂರಗಳು.
ಅವು ಹೊರಬರಲು ಬೆಂಕಿ ಬೇಕಾಯಿತು, ಗರಗಸ ಬೇಕಾಯಿತು,
ಅವಳಮ್ಮ ಚರ್ಚಿನಲ್ಲಿ ಎಂದೂ ಕೇಳಿರದ
ಮೂರು ವೆಲ್ಷ್ ಪದಗಳು ಬೇಕಾದವು.

ತೂಕದ ದಿನ ಇಡ್ವಾಲ್ ಬಂದ.
ಎಂಬತ್ತಕ್ಕೆ ಒಂದು ಕಡಿಮೆ;
ಕಲ್ಲುಗಣಿಯ ಲಾರಿಗಳನ್ನು ರಿಪೇರಿ ಮಾಡಿದ ಕೈ.
ನಾಲ್ಕು ಚಕ್ರದಡಿ ನಾಲ್ಕು ತಕ್ಕಡಿ.
ಸೀಟಿನಲ್ಲಿ ಓಡಿಸುವವಳಷ್ಟೇ ಭಾರ ಇರಬೇಕು.
'ನಿನ್ನ ತೂಕ?' ಅಂದ, ತಲೆ ಎತ್ತದೆ.
ಕುರಿಮೇವಿನ ಮೂರು ಚೀಲ ಇಡು, ಅಂದಳು.
ಸ್ವಲ್ಪ ಹೊತ್ತು ಬಿಟ್ಟು,
ಇನ್ನೊಂದು ಅರ್ಧ.

ಹೊಸ ಡ್ಯಾಂಪರುಗಳ ನೆತ್ತಿಯಲ್ಲಿ ಪುಟ್ಟ ತಿರುಗಣಿ:
ಮೆತ್ತಗಿನಿಂದ ಗಟ್ಟಿಗೆ ಹದಿನಾಲ್ಕು ಕ್ಲಿಕ್.
ಹದಿನಾಲ್ಕನ್ನೂ ತಿರುಗಿಸಿದಳು.
ದುಡ್ಡು ಕೊಟ್ಟಿದ್ದು ಹದಿನಾಲ್ಕಕ್ಕೂ ತಾನೆ?

ಬಗ್ಗಿದವನಿಗೆ ಒಂದು ಗುದ್ದು ಹೆಚ್ಚು ಅನ್ನುತ್ತದೆ ನನ್ನ ನುಡಿ.
ಆ ಗಾದೆ ಕಟ್ಟಿದವರು
ಏಪ್ರಿಲ್ಲಿನ ಒದ್ದೆ ಬೆಳಗ್ಗೆ, ಸಮುದ್ರಕ್ಕೆ ಇಳಿಯುವ ಆ ತಿರುವಿನಲ್ಲಿ
ಅವಳ ಪಕ್ಕ ಕೂರಬೇಕಿತ್ತು.
ಬಗ್ಗಲೊಲ್ಲದ ಕಾರಿಗೆ ಪ್ರತಿ ಉಬ್ಬೂ ಗುದ್ದೇ.
ಕಾದ ಕಾವಲಿಗೆ ಎರಚಿದ ನೀರಿನಂತೆ
ಟೈರು ಟಾರನ್ನು ಮುಟ್ಟಿತು, ಬಿಟ್ಟಿತು, ಮುಟ್ಟಿತು,
ಬಿಟ್ಟಿತು.
ಸಮುದ್ರ, ಹುಲ್ಲು, ಟೈರಿನ ಗೋಡೆ, ಮತ್ತೆ ಸಮುದ್ರ
ಗಾಜಿನಾಚೆ ಸಾಲಾಗಿ ಹಾದುಹೋದವು.
ನಿಂತಾಗ ಕಾರು ಬಂದ ದಾರಿಯತ್ತಲೇ ಮುಖ ಮಾಡಿತ್ತು.

ಇಡ್ವಾಲ್ ಫ್ಲಾಸ್ಕಿನ ಮುಚ್ಚಳದಲ್ಲಿ ಚಹಾ ಕೊಟ್ಟ.
'ಹಿಂದೆ ನಾಲ್ಕು ಬಿಡು, ಮುಂದೆ ಎರಡು. ಗಾಳಿ ಮುಟ್ಟಬೇಡ.'
ಅಷ್ಟೇ.
ಅವಳು ಬಾಗಿ, ಬೆರಳ ತುದಿಯಿಂದ
ಚಳಿಗಾಲದ ಹಟವನ್ನು ಒಂದೊಂದೇ ಕ್ಲಿಕ್ ಇಳಿಸಿದಳು.

ಮತ್ತೆ ಅದೇ ತಿರುವು.
ಹೊರಚಕ್ರ ಭಾರಕ್ಕೆ ಕುಸಿಯಿತು, ಒಂದು ಉಸಿರು ತಡೆಯಿತು,
ಎದ್ದಿತು.
ಸೀಟಿನ ಮೂಲಕ ನೆಲ ತಿಳಿಯಿತು ಅವಳಿಗೆ,
ಎಲ್ಲಿ ತೇವ, ಎಲ್ಲಿ ಒಣ, ಎಲ್ಲಿ ತೇಪೆ.

ಉಳಿಸಿದ ಹೊತ್ತು? ಹೋದ ವರ್ಷಕ್ಕಿಂತ
ಸೆಕೆಂಡಿನ ಮೂರನೇ ಒಂದು ಪಾಲು.
ಅದಕ್ಕೆ ಒಂದು ಇಡೀ ಚಳಿಗಾಲ,
ಸಾವಿರದ ಎಂಟುನೂರು ಪೌಂಡು, ಒಂದು ಉಗುರು.

ಸೋಮವಾರ ಬಸ್ಸು.
ಸೇತುವೆಯ ತಿರುವಿಗೆ ಮೊದಲೇ ಬ್ರೇಕು ಬಿಟ್ಟಳು,
ಭಾರ ತಾನಾಗಿ ಒಂದು ಮಗ್ಗುಲಿಗೆ ಒರಗಿ ಕೂರುವವರೆಗೆ
ಕಾದಳು,
ಆಮೇಲಷ್ಟೇ ತಿರುಗಿಸಿದಳು.
ಕನ್ನಡಿಯಲ್ಲಿ ನೋಡಿದಳು:
ಆ ಹುಡುಗ ಚಿಪ್ಸ್ ತಿನ್ನುತ್ತಿದ್ದ.